ಏನೂ ತೊಂದರೆಯಿಲ್ಲ ಎಂದು ಬರೆಸಿದ ಮೇಷ್ಟ್ರು

ಗೊರವನಕಟ್ಟೆಯ ಪರಮಶಿವಯ್ಯ ಮೇಷ್ಟ್ರು ಹನ್ನೊಂದು ವರ್ಷ ಹೆಡ್ ಮೇಷ್ಟ್ರ ಕೆಲಸ ಮಾಡಿದರು, ಒಂದು ದಿನವೂ ಹೆಡ್ ಮೇಷ್ಟ್ರಾಗಲಿಲ್ಲ. ಹೀಗೆಂದರೆ ಈಗಿನ ಮೇಷ್ಟ್ರುಗಳು ‘ಅದು ಹೇಗ್ರೀ?’ ಎಂದು ನಗುತ್ತಾರೆ. ಹೇಗೆ ಅಂತ ನನಗೆ ಗೊತ್ತು. ಅದರಲ್ಲಿ ನನ್ನ ಕೈಯೂ ಇದೆ. ಈ ಬಲಗೈಯನ್ನು ನೋಡಿಕೊಂಡು ನಾನು ಬೈದುಕೊಂಡಷ್ಟು ನನ್ನ ಶತ್ರುವನ್ನೂ ಬೈದಿಲ್ಲ.

ಗೊರವನಕಟ್ಟೆ ಇರುವುದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ದಂಡಿಗನಹಳ್ಳಿಯಿಂದ ಮೂರು ಮೈಲಿ. ನಾಲ್ಕನೇ ತರಗತಿಯವರೆಗೆ ಒಂದು ಸರ್ಕಾರಿ ಶಾಲೆ. ಸಾವಿರದ ಒಂಬೈನೂರ ಮೂವತ್ತೆರಡರಲ್ಲಿ ಅಲ್ಲಿಯ ಹಳೆಯ ಹೆಡ್ ಮೇಷ್ಟ್ರು ಪೆನ್ಷನ್ ಆದರು. ಅವರ ಕೆಳಗೆ ಹದಿನೈದು ವರ್ಷ ದುಡಿದಿದ್ದ ಪರಮಶಿವಯ್ಯನವರಿಗೆ ಆ ಸ್ಥಾನ ಬರಬೇಕಾಗಿತ್ತು. ಆದರೆ ಅದು ಮುಗ್ಗಟ್ಟಿನ ಕಾಲ. ಪಟ್ಟಣದ ಸಂತೆಯಲ್ಲಿ ತೆಂಗಿನಕಾಯಿ ರಾಶಿ ಬಿದ್ದಿದ್ದರೂ ಕೇಳುವವರಿಲ್ಲ. ಸರ್ಕಾರವೂ ಕೈ ಬಿಗಿಹಿಡಿಯಿತು. ಹಳೆಯ ಹೆಡ್ ಮೇಷ್ಟ್ರು ಮನೆಗೆ ಹೋದ ಮರುವಾರವೇ ಒಂದು ಹುಕುಂ ಬಂತು: ಖಾಲಿಯಾದ ಹೆಡ್ ಮಾಸ್ತರ ಸ್ಥಾನಗಳಿಗೆ ಮುಂದಿನ ಹುಕುಂ ಬರುವವರೆಗೆ ಯಾರಿಗೂ ಬಡ್ತಿ ಕೊಡಕೂಡದು, ಇರುವವರಲ್ಲಿ ಹಿರಿಯರು ಆ ಕೆಲಸ ನೋಡಿಕೊಳ್ಳತಕ್ಕದ್ದು. ಪರಮಶಿವಯ್ಯನವರು ಇನ್‌ಚಾರ್ಜ್ ಆದರು. ‘ಒಂದಾರು ತಿಂಗಳು’ ಎಂದುಕೊಂಡರು. ಪಾಪ!

ನಾನು ಚೆನ್ನಯ್ಯ. ಅದೇ ಊರಿನ ಆಚೆ ಕೇರಿಯವನು. ನಮ್ಮವ್ವ ಬೆಟ್ಟಮ್ಮ ಪಟೇಲರ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದಳು. ನಾನು ಹಾಸನದ ಹಾಸ್ಟೆಲಿನಲ್ಲಿದ್ದು ಎಲ್.ಎಸ್. ಎಂಬ ಮಿಡ್ಲ್ ಸ್ಕೂಲ್ ಪರೀಕ್ಷೆ ಪಾಸು ಮಾಡಿ, ಮೂವತ್ತನಾಲ್ಕರಲ್ಲಿ ಹಂಗಾಮಿ ಮೇಷ್ಟ್ರಾಗಿ ನನ್ನೂರ ಶಾಲೆಗೇ ಬಂದೆ. ಹಂಗಾಮಿ ಎಂದರೆ ಯಾವತ್ತು ಬೇಕಾದರೂ ‘ನಾಳೆಯಿಂದ ಬರಬೇಡ’ ಅನ್ನಿಸಿಕೊಳ್ಳುವ ಕೆಲಸ. ಖಾಯಂ ಆಗಬೇಕಾದರೆ ಮೇಲಿನವರಿಗೆ ಬಡ್ತಿಯಾಗಿ ಅವರ ಜಾಗ ತೆರವಾಗಬೇಕು. ಪರಮಶಿವಯ್ಯನವರು ಮೇಲೆ ಹತ್ತುವ ಹಾಗಿಲ್ಲ, ನಾನು ಒಳಗೆ ಬರುವ ಹಾಗಿಲ್ಲ. ಒಂದೇ ಹುಕುಂ ಇಬ್ಬರ ಕಾಲನ್ನೂ ಕಟ್ಟಿಹಾಕಿತ್ತು.

ನಾನು ಬಂದ ದಿನ ಊರಿನ ನಾಲ್ಕು ಜನ ಶಾಲೆಯ ಮುಂದೆ ನಿಂತರು. ಕೇರಿಯವನು ತಮ್ಮ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವುದೇ ಎಂದು ಅವರ ಗೊಣಗಾಟ. ಮೇಷ್ಟ್ರು ಬಾಗಿಲಿಗೆ ಬಂದು, “ಕೈ ಹಿಡಿಯೋದು ಬ್ಯಾಡ ಅಂದ್ರೆ ಬ್ಯಾಡ ಬಿಡ್ರಯ್ಯ. ಆದ್ರೆ ಇನ್ಮೇಲೆ ನಿಮ್ಮ ಅರ್ಜಿ, ಕಾಗದ ಎಲ್ಲಾ ಬರೆಯೋನು ಇವನೇಯ. ನನ್ನ ಬರವಣಿಗೆ ಅಮಲ್ದಾರ್ರಿಗೆ ಓದಕ್ಕಾಗಲ್ವಂತೆ” ಅಂದರು. ಅದು ನಿಜವೂ ಹೌದು. ಅವರ ಅಕ್ಷರ ಕೋಳಿ ಕೆದರಿದ ಹಾಗೆ, ನನ್ನದು ದುಂಡಗೆ. ಒಂದೇ ತಿಂಗಳಲ್ಲಿ ಅದೇ ನಾಲ್ವರು ಕಂದಾಯದ ಅರ್ಜಿ ಹಿಡಿದು ‘ಚೆನ್ನಯ್ಯ ಅವ್ನಾ?’ ಎಂದು ಹುಡುಕಿಕೊಂಡು ಬಂದರು.

ಅವರು ದೇವರಂಥ ಮನುಷ್ಯ ಅಂತೇನೂ ನಾನು ಹೇಳುವುದಿಲ್ಲ. ಮೊಂಡ ಅಂದರೆ ಮೊಂಡ. ಮಧ್ಯಾಹ್ನ ಊಟವಾದ ಮೇಲೆ ಕೂತಲ್ಲೇ ಗೊರಕೆ. ನಾನು ನಶ್ಯ ಏರಿಸಿದರೆ ಮಕ್ಕಳ ಮುಂದೆಯೇ ಮೂಗು ಸಿಂಡರಿಸುತ್ತಿದ್ದರು. ಅವರ ಹೆಂಡತಿ ನೀಲಾಂಬಿಕೆಯಮ್ಮ ಮೊದಲೆರಡು ವರ್ಷ ನನಗೆ ಜಗಲಿಯಲ್ಲೇ ಮಜ್ಜಿಗೆ ಕೊಡುತ್ತಿದ್ದರು, ಆಮೇಲೆ ಒಂದು ದಿನ ‘ಮಳೇಲಿ ಯಾಕ್ ನೆನೀತೀಯ, ಒಳಕ್ಕೆ ಬಾರಯ್ಯ’ ಅಂದರು. ಅಷ್ಟೇ. ಅದರ ಮೇಲೆ ಯಾರೂ ಏನೂ ಮಾತಾಡಲಿಲ್ಲ.

ಹೆಡ್ ಮೇಷ್ಟ್ರಾಗಿಯೇ ಪೆನ್ಷನ್ ಆಗಬೇಕೆಂಬುದು ಅವರ ಒಂದೇ ಆಸೆ. ಸಂಬಳಕ್ಕಲ್ಲ. ಅವರ ತಂದೆ ದಂಡಿಗನಹಳ್ಳಿಯಲ್ಲಿ ಕೂಲಿಮಠದ ಅಯ್ಯನವರಾಗಿದ್ದು, ಸರ್ಕಾರಿ ಶಾಲೆ ಬಂದಾಗ ‘ನಿಮಗೆ ಸರ್ಟಿಫಿಕೇಟಿಲ್ಲ’ ಅನ್ನಿಸಿಕೊಂಡು ಮನೆಯಲ್ಲಿ ಕೂತವರು. ‘ನಮ್ಮಪ್ಪನ್ನ ಎಬ್ಬಿಸಿ ಕಳಿಸಿದ ಸರ್ಕಾರದ ಇಸ್ಕೂಲಲ್ಲೇ ಅವರ ಮಗ ಹೆಡ್ ಮಾಸ್ತರು ಅಂತ ಒಂದಿನ ರುಜು ಹಾಕ್ಬೇಕು ಕಣಯ್ಯ’ ಎಂದು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದರೋ! ನಲವತ್ತನಾಲ್ಕನೇ ಇಸವಿ ಆಗಸ್ಟಿಗೆ ಅವರಿಗೆ ಐವತ್ತೈದು ತುಂಬುತ್ತಿತ್ತು. ಅಷ್ಟರೊಳಗೆ ಹುಕುಂ ಸಡಿಲವಾಗಬೇಕು. ನಾವಿಬ್ಬರೂ ಕಾಯುತ್ತಿದ್ದದ್ದು ಅದಕ್ಕೇ.

ಈಗ ತಖ್ತೆಯ ವಿಷಯ ಹೇಳಬೇಕು. ಪ್ರತಿ ಜೂನ್ ತಿಂಗಳಲ್ಲಿ ಶಾಲೆಯಿಂದ ಹಾಸನಕ್ಕೆ ಒಂದು ತಖ್ತೆ, ಅಂದರೆ ವರದಿಯ ಫಾರಂ, ಹೋಗಬೇಕು. ಎಷ್ಟು ಮಕ್ಕಳು, ಎಷ್ಟು ಬೆಂಚು, ಎಷ್ಟು ನಕಾಶೆ ಎಲ್ಲ ತುಂಬಿಸಿದ ಮೇಲೆ ಕೊನೆಯಲ್ಲಿ ಷರಾ ಬರೆಯುವ ಜಾಗ. ಬಡ್ತಿ ನಿಲ್ಲಿಸಿದ ವರ್ಷದಿಂದ ಅಲ್ಲೊಂದು ಪ್ರಶ್ನೆ ಸೇರಿಕೊಂಡಿತ್ತು: ‘ಹೆಡ್ ಮಾಸ್ತರ ಸ್ಥಾನ ಖಾಲಿ ಇರುವುದರಿಂದ ಶಾಲೆಯ ಕೆಲಸಕ್ಕೆ ತೊಂದರೆಯಾಗಿದೆಯೇ?’

ನಮ್ಮ ಸೀಮೆಯವರು ಕಾಗದ ಬರೆಯುವ ಕ್ರಮ ನಿಮಗೆ ಗೊತ್ತಲ್ಲ. ಮನೆಯಲ್ಲಿ ಎಮ್ಮೆ ಸತ್ತಿರಲಿ, ಹಿತ್ತಲ ಗೋಡೆ ಬಿದ್ದಿರಲಿ, ಮೊದಲ ಸಾಲು ‘ತಮ್ಮ ಆಶೀರ್ವಾದದಿಂದ ನಾವೆಲ್ಲರೂ ಕ್ಷೇಮ’. ದೊಡ್ಡವರಿಗೆ ಬರೆಯುವಾಗಲಂತೂ ಕುಂದು ಹೇಳಿಕೊಳ್ಳುವುದು ಮರ್ಯಾದೆಯಲ್ಲ. ಮೇಷ್ಟ್ರು ಸರ್ಕಾರದ ತಖ್ತೆಯನ್ನೂ ಸೋದರಮಾವನಿಗೆ ಬರೆಯುವ ಕಾಗದ ಅಂತಲೇ ತಿಳಿದಿದ್ದರು. “ಬರಿ ಚೆನ್ನಯ್ಯ: ತಮ್ಮ ಕೃಪೆಯಿಂದ ಏನೂ ತೊಂದರೆಯಿಲ್ಲ.” ಹನ್ನೊಂದು ವರ್ಷ ಇದೇ ಷರಾ. ಅದರಲ್ಲಿ ಹತ್ತು ವರ್ಷ ಬರೆದವನು ನಾನು.

ತೊಂದರೆ ಇಲ್ಲದೆ ಏನು? ನಾಲ್ಕು ತರಗತಿಗೆ ಇಬ್ಬರು. ಒಂದನೇ ತರಗತಿಯ ಮಕ್ಕಳು ಹೊಂಗೆ ಮರದ ಕೆಳಗೆ, ಎರಡು ಮೂರು ನನಗೆ, ನಾಲ್ಕು ಅವರಿಗೆ. ಮರದ ಕೆಳಗಿನವರಿಗೆ ನೀಲಾಂಬಿಕೆಯಮ್ಮ ಅವರೆಕಾಯಿ ಬಿಡಿಸುತ್ತ ಬಾಯಲ್ಲೇ ಎಣಿಕೆ ಹೇಳಿಸುತ್ತಿದ್ದರು. ಅವರಿಗೆ ಓದು ಬರಹ ಬಾರದು, ಎಣಿಕೆ ಮಾತ್ರ ಬರುತ್ತಿತ್ತು. ಮೂವತ್ತೆಂಟರಲ್ಲಿ ಮೇಷ್ಟ್ರಿಗೆ ಚಳಿಜ್ವರ ಬಂದು ಇಪ್ಪತ್ತು ದಿನ ಬೆಂಚಿನ ಮೇಲೆ ಮಲಗಿಕೊಂಡೇ ಪಾಠ ಹೇಳಿದರು. ಮಳೆ ಬಂದರೆ ಮೂರನೇ ತರಗತಿಯ ಮಾಡಿನಿಂದ ನೀರು ಇಳಿದು ಮಕ್ಕಳೆಲ್ಲ ಒಂದು ಮೂಲೆಗೆ.

“ಅಳ್ದೆ ಇದ್ರೆ ತಾಯೀನೂ ಹಾಲು ಕೊಡಲ್ವಂತೆ. ಒಂದ್ಸಲ ಕಷ್ಟ ಅಂತ ಬರೀರಿ ಅಂದ್ರೆ” ಎಂದು ನೀಲಾಂಬಿಕೆಯಮ್ಮ ಪ್ರತಿ ಜೂನಿನಲ್ಲೂ ಹೇಳುವರು.

“ಕಷ್ಟ ಅಂತ ಬರೆದ್ರೆ ಇವನಿಗೆ ನಡ್ಸಕ್ ಬರಲ್ಲ ಅಂದ್ಕೊತಾರೆ ಕಣೇ. ಆಮೇಲೆ ಬಡ್ತಿ ಕೊಡೋನು ಯಾರು?” ಎಂದು ಅವರು.

ಹೊಳೆನರಸೀಪುರದ ಕಡೆ, ಹಳೇಕೋಟೆಯ ಆಚೆಯ ಒಂದು ಊರಿನಲ್ಲಿ ಗಂಗಾಧರಯ್ಯ ಎಂಬ ಇನ್ನೊಬ್ಬ ಇನ್‌ಚಾರ್ಜ್ ಮೇಷ್ಟ್ರಿದ್ದರು. ಪರಮಶಿವಯ್ಯನವರ ಜೊತೆಯಲ್ಲೇ ಟ್ರೈನಿಂಗ್ ಮುಗಿಸಿದವರು. ಅವರು ಪ್ರತಿ ವರ್ಷವೂ ಷರಾದಲ್ಲಿ ಅತ್ತು ಕರೆದು ಬರೆಯುತ್ತಿದ್ದರು: ಹೆಡ್ ಮಾಸ್ತರಿಲ್ಲದೆ ಶಾಲೆ ಹಾಳಾಗುತ್ತಿದೆ, ಮಕ್ಕಳು ದನ ಕಾಯಲು ಹೋಗುತ್ತಿದ್ದಾರೆ, ನನ್ನೊಬ್ಬನ ಕೈಲಾಗುವುದಿಲ್ಲ. ಮೀಟಿಂಗಿನಲ್ಲಿ ಸಿಕ್ಕಾಗ ಅದನ್ನು ತಾವೇ ಹೇಳಿಕೊಂಡು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ‘ಇವನಿಗೆ ಬಡ್ತಿ ಬಂದ್ಹಂಗೇಯ’ ಎಂದು ಮೇಷ್ಟ್ರು ನನ್ನ ಪಕ್ಕೆಗೆ ತಿವಿಯುತ್ತಿದ್ದರು.

ಇನ್ನು ನನ್ನ ಘನಕಾರ್ಯ. ನಲವತ್ತನೇ ಇಸವಿಯಲ್ಲಿ ನಮ್ಮಲ್ಲಿ ನಾಲ್ಕನೇ ತರಗತಿ ಮುಗಿಸಿದ ಆರು ಮಕ್ಕಳೂ ಪಟ್ಟಣದ ಮಿಡ್ಲ್ ಸ್ಕೂಲಿಗೆ ಸೇರಿದರು. ನನಗೆ ಹೆಮ್ಮೆಯೋ ಹೆಮ್ಮೆ. ಆ ಜೂನಿನ ತಖ್ತೆಗೂ ಮೇಷ್ಟ್ರು ‘ಏನೂ ತೊಂದರೆಯಿಲ್ಲ’ ಎಂದು ಹೇಳಿ ಊಟಕ್ಕೆ ಎದ್ದು ಹೋದರು. ಇಷ್ಟು ದುಡಿಯುವ ಮನುಷ್ಯನ ಬಗ್ಗೆ ಒಂದು ಸಾಲು ಒಳ್ಳೆಯ ಮಾತು ಬೇಡವೇ ಅನ್ನಿಸಿತು. ನನ್ನ ಬುದ್ಧಿಗೆ ಬೆಂಕಿ ಬೀಳ! ದುಂಡಗಿನ ಅಕ್ಷರದಲ್ಲಿ ಕೆಳಗೆ ಸೇರಿಸಿದೆ: ‘ಶಾಲೆಗೆ ಹೆಡ್ ಮಾಸ್ತರಿಲ್ಲವೆಂಬುದೇ ಯಾರಿಗೂ ತಿಳಿಯದಂತೆ ಕೆಲಸ ನಡೆಯುತ್ತಿದೆ.’ ಮೇಷ್ಟ್ರು ಬಂದು ಓದದೆಯೇ ರುಜು ಹಾಕಿದರು. ನಾನು ಬರೆದದ್ದನ್ನು ಅವರು ಯಾವತ್ತೂ ಓದಿ ನೋಡಿದವರಲ್ಲ.

ನಲವತ್ತಮೂರರ ಡಿಸೆಂಬರಿನಲ್ಲಿ ಸುದ್ದಿ ಬಂತು: ಬಡ್ತಿಯ ತಡೆ ತೆಗೆದಿದ್ದಾರೆ, ಪಟ್ಟಿ ತಯಾರಾಗಿದೆ. ಪಟೇಲ ಈಶ್ವರಯ್ಯನವರು ಶಾಲೆಗೇ ಬಂದು ಬೆಲ್ಲ ಹಂಚಿದರು. ಯುದ್ಧದ ಕಾಲ, ಸಕ್ಕರೆ ಎಲ್ಲಿ? ನೀಲಾಂಬಿಕೆಯಮ್ಮ ಪೆಟ್ಟಿಗೆಯಲ್ಲಿದ್ದ ಮದುವೆಯ ಜರಿಪೇಟವನ್ನು ತೆಗೆದು ಬಿಸಿಲಿಗೆ ಹಾಕಿದರು. ಜನವರಿ ಮೊದಲ ವಾರ ಮೇಷ್ಟ್ರೂ ನಾನೂ ಹಾಸನಕ್ಕೆ ಹೊರಟೆವು. ಪಟ್ಟಣದವರೆಗೆ ಗಾಡಿ, ಅಲ್ಲಿಂದ ಇದ್ದಿಲು ಬಸ್ಸು. ಪೆಟ್ರೋಲಿಲ್ಲದ ಕಾಲದಲ್ಲಿ ಹಿಂದುಗಡೆ ಒಂದು ಒಲೆ ಕಟ್ಟಿಕೊಂಡು ಓಡುತ್ತಿದ್ದ ಬಸ್ಸು ಅದು. ಏರು ಬಂದರೆ ನಾವೇ ಇಳಿದು ತಳ್ಳಬೇಕು. ಮೇಷ್ಟ್ರು ಪೇಟ ಕಳಚಿ ನನ್ನ ಕೈಗೆ ಕೊಟ್ಟು ತಾವೂ ತಳ್ಳಿದರು, ಮುಖವೆಲ್ಲ ನಗು.

ಹಾಸನದ ಕಚೇರಿಯಲ್ಲಿ ಕನ್ನಡಕದ ಗುಮಾಸ್ತರೊಬ್ಬರು ಪಟ್ಟಿಯ ಮೇಲೆ ಬೆರಳಾಡಿಸಿದರು. ಮೇಲಿನಿಂದ ಕೆಳಗೆ ಹೋದರು, ಮತ್ತೆ ಕೆಳಗಿನಿಂದ ಮೇಲಕ್ಕೆ ಬಂದರು.

“ಗೊರವನಕಟ್ಟೆ ಅಂದ್ರಾ? ಆ ಸ್ಥಾನವೇ ರದ್ದಾಗಿದೆಯಲ್ಲಾ ಮೇಷ್ಟ್ರೇ.”

“ರದ್ದು ಅಂದ್ರೆ?” ಅಂದರು ಮೇಷ್ಟ್ರು. ಅವರ ಮುಖದ ಮೇಲೆ ಇನ್ನೂ ನಗು ಇತ್ತು. ತಪ್ಪು ಶಾಲೆ ನೋಡಿದ್ದಾರೆ ಎಂದುಕೊಂಡಿದ್ದರು.

“ರದ್ದು ಅಂದ್ರೆ ಇನ್ಮೇಲೆ ನಿಮ್ಮ ಶಾಲೆಗೆ ಹೆಡ್ ಮಾಸ್ತರ ಸ್ಥಾನವೇ ಇಲ್ಲ. ಹೆಡ್ ಮಾಸ್ತರಿಲ್ಲದೆ ಎಲ್ಲಿ ಕೆಲಸ ಕೆಟ್ಟಿದೆಯೋ ಅಲ್ಲಿಗೆ ಕೊಡೋದು, ಎಲ್ಲಿ ಕೆಟ್ಟಿಲ್ಲವೋ ಅಲ್ಲಿ ತೆಗೆದುಬಿಡೋದು ಅಂತ ತೀರ್ಮಾನ. ಹನ್ನೊಂದು ವರ್ಷ ತೊಂದರೆಯಿಲ್ಲ ಅಂತ ನೀವೇ ಬರೆದಿದ್ದೀರಿ.” ಅವರು ಫೈಲು ತೆರೆದು ನಮ್ಮ ಕಡೆ ತಿರುಗಿಸಿದರು. “ಇದನ್ನಂತೂ ಹುಕುಮಿನಲ್ಲೇ ಎತ್ತಿ ಬರೆದುಕೊಂಡಿದ್ದಾರೆ, ನೋಡಿ.”

ನೋಡಿದೆ. ನನ್ನದೇ ಅಕ್ಷರ. ಹೆಡ್ ಮಾಸ್ತರಿಲ್ಲವೆಂಬುದೇ ಯಾರಿಗೂ ತಿಳಿಯದಂತೆ. ಅದರ ಕೆಳಗೆ ಯಾರೋ ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದಿದ್ದರು. ಅಯ್ಯೋ ಶಿವನೇ, ಹೊಗಳಿ ಬರೆದೆನಲ್ಲೋ, ಹೊಗಳಿದ್ದೇ ಹೊಡೆದು ಹಾಕಿತಲ್ಲೋ!

ಮೇಷ್ಟ್ರು ಆ ಸಾಲನ್ನು ಎರಡು ಸಲ ಓದಿದರು. ತಾವು ಹೇಳಿ ಬರೆಸಿದ್ದಲ್ಲವೆಂದು ಅವರಿಗೆ ತಿಳಿಯದೆ ಇರುತ್ತದೆಯೇ? ನನ್ನ ಕಡೆ ಒಮ್ಮೆ ನೋಡಿದರು. ಗುಮಾಸ್ತರು, “ಇದನ್ನು ಬರೆದವರು ಯಾರು, ನೀವೇನಾ?” ಎಂದು ಕೇಳಿದರು.

“ನಾನೇಯ ಬರೆಸಿದ್ದು” ಅಂದರು ಮೇಷ್ಟ್ರು.

ಪಟ್ಟಿಯಲ್ಲಿ ಗಂಗಾಧರಯ್ಯನವರ ಹೆಸರಿತ್ತು. ಹಳೇಕೋಟೆಯ ಆಚೆಯ ಆ ಹಾಳುಬಿದ್ದ ಶಾಲೆಗೆ ಅವರು ಹೆಡ್ ಮಾಸ್ತರು. ಅವರ ಮೇಲೆ ನನಗೆ ಆವತ್ತು ಎಷ್ಟು ಸಿಟ್ಟು ಬಂತೆಂದರೆ, ಎದುರಿಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ. ಪಾಪ, ಅವರೇನು ಮಾಡಿದ್ದರು? ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು.

ನಾವು ಏಳುವಾಗ ಗುಮಾಸ್ತರು ಇನ್ನೊಂದು ಮಾತು ಹೇಳಿದರು. ಯುದ್ಧದ ಖರ್ಚಿನಿಂದಾಗಿ ಮಾರ್ಚ್ ಮೂವತ್ತೊಂದರ ಮೇಲೆ ಖಾಲಿಯಾಗುವ ಸಹಾಯಕ ಮೇಷ್ಟ್ರ ಸ್ಥಾನಗಳನ್ನೂ ತುಂಬುವುದಿಲ್ಲವಂತೆ, ಹಂಗಾಮಿಯವರನ್ನೆಲ್ಲ ಆ ವರ್ಷದ ಕೊನೆಗೆ ಬಿಡಿಸುತ್ತಾರಂತೆ. ನನ್ನ ಕಿವಿಗೆ ಅದು ಬಿತ್ತು, ತಲೆಗೆ ಹೋಗಲಿಲ್ಲ. ಮೇಷ್ಟ್ರ ತಲೆಗೆ ಹೋಗಿತ್ತು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಅವರ ಕಾಲು ಮುಟ್ಟಲು ಬಗ್ಗಿದೆ.

“ನಾನು ಬರ್ದಿದ್ದು ಸಾ, ನಾನೇ ಸೇರ್ಸಿದ್ದು. ನಿಮ್ಮ ಮನೆ ತೊಳೆದ್ಬುಟ್ಟೆ ಸಾ.”

“ಏಳಯ್ಯ, ಜನ ನೋಡ್ತಾವ್ರೆ” ಎಂದರು. ಅದೊಂದೇ ಮಾತು. ಆ ಮೇಲೆ ಪಟ್ಟಣ ಬರುವವರೆಗೆ ಕಿಟಕಿಯ ಆಚೆ ನೋಡುತ್ತ ಕೂತರು. ಬೈದಿದ್ದರೆ ಚೆನ್ನಾಗಿತ್ತು. ಒಂದು ಕಪಾಳಕ್ಕೆ ಬಿಟ್ಟಿದ್ದರೆ ಇನ್ನೂ ಚೆನ್ನಾಗಿತ್ತು.

ನಾನು ಸುಮ್ಮನೆ ಕೂರುವವನಲ್ಲ. ಕೆಡಿಸಿದ ಕೈಯಿಂದಲೇ ಸರಿಮಾಡಬೇಕೆಂದು ಹಟ ಹಿಡಿದು ಪಟೇಲರ ಮನೆಗೆ ಹೋದೆ. ಊರವರ ಹೆಸರಿನಲ್ಲಿ ಒಂದು ಅರ್ಜಿ ಬರೆದೆ. ಹನ್ನೊಂದು ವರ್ಷ ಷರಾದಲ್ಲಿ ಬರೆಯದೆ ಬಿಟ್ಟದ್ದನ್ನೆಲ್ಲ ಬರೆದೆ. ಹೊಂಗೆ ಮರ, ಅವರೆಕಾಯಿ, ಚಳಿಜ್ವರ, ಸೋರುವ ಮಾಡು, ಒಂದನ್ನೂ ಬಿಡಲಿಲ್ಲ. ಪಟೇಲರು ತಾವೇ ಮನೆಮನೆಗೆ ಮಸಿ ಹಿಡಿದು ಹೋಗಿ ನೂರೆಂಬತ್ತು ಹೆಬ್ಬೆಟ್ಟು ಹಾಕಿಸಿದರು, ನಮ್ಮ ಕೇರಿಯದೂ ಸೇರಿ.

“ಮೇಷ್ಟ್ರಿಗೆ ಗೊತ್ತಾದ್ರೆ ಹರಿದಾಕ್ಬುಡ್ತಾರೆ ಕಣ್ಲಾ. ಬಾಯ್ಬುಡಬ್ಯಾಡ” ಎಂದರು ಪಟೇಲರು. ನಿಜ. ಮೇಲಿನವರ ಮುಂದೆ ಅಳುವುದೆಂದರೆ ಅವರಿಗೆ ಮೈ ಉರಿಯುತ್ತಿತ್ತು. ಬಾಯಿ ಬಿಡಲಿಲ್ಲ. ಫೆಬ್ರವರಿ ಎರಡನೇ ವಾರ ಅರ್ಜಿ ಟಪಾಲಿಗೆ ಬಿತ್ತು.

ಅದೇ ತಿಂಗಳ ಕೊನೆಗೆ ಮೇಷ್ಟ್ರು, ‘ಕನ್ನಡಕ ಮಾಡಿಸ್ಕೊಂಡು ಬತ್ತೀನಿ’ ಎಂದು ಒಬ್ಬರೇ ಹಾಸನಕ್ಕೆ ಹೋಗಿ ಬಂದರು. ಬರುವಾಗ ಕನ್ನಡಕವಿರಲಿಲ್ಲ. ಅಂಗಡಿಯವನು ಇರಲಿಲ್ಲ ಅಂದರು. ನಾನು ನಂಬಿದೆ.

ಮಾರ್ಚ್ ಇಪ್ಪತ್ತೆಂಟನೇ ತಾರೀಕು ಎರಡು ಲಕೋಟೆ ಬಂದವು. ನನ್ನ ಹೆಸರಿನದನ್ನು ನಾನು ಒಡೆದೆ. ‘ಗೊರವನಕಟ್ಟೆ ಶಾಲೆಯ ಸಹಾಯಕ ಉಪಾಧ್ಯಾಯರಾದ ಶ್ರೀ ಪರಮಶಿವಯ್ಯನವರು ಸ್ವಂತ ಕೋರಿಕೆಯ ಮೇಲೆ ಮಾರ್ಚ್ ಮೂವತ್ತೊಂದರಂದು ವಿಶ್ರಾಂತಿ ಪಡೆಯುತ್ತಿರುವುದರಿಂದ, ಸದರಿ ಸ್ಥಾನಕ್ಕೆ ಹಂಗಾಮಿ ಉಪಾಧ್ಯಾಯ ಚೆನ್ನಯ್ಯನವರನ್ನು ಖಾಯಂ ಆಗಿ ನೇಮಿಸಿದೆ.’ ಹತ್ತು ವರ್ಷ ಕಾದ ಕಾಗದ. ಮಕ್ಕಳು ಮಗ್ಗಿ ಹೇಳುತ್ತಿದ್ದರು, ನನಗೆ ಒಂದಕ್ಷರವೂ ಕೇಳಿಸಲಿಲ್ಲ.

“ಏನ್ ಸಾ ಇದು? ಆಗಸ್ಟ್‌ವರ್ಗೂ ಇತ್ತಲ್ಲ ನಿಮ್ಗೆ?”

“ಆಗಸ್ಟಿಗೆ ನಾನು ಹೋದ್ರೆ ನನ್ನ ಜಾಗನೂ ಹೋಗುತ್ತೆ, ನೀನೂ ಹೋಗ್ತೀಯ. ಈಗ ಹೋದ್ರೆ ನೀನಾದ್ರೂ ಉಳ್ಕೊತೀಯ. ಈ ಇಸ್ಕೂಲಿಗೆ ಒಬ್ಬ ಮೇಷ್ಟ್ರಾದ್ರೂ ಇರ್ಬೇಕಲ್ಲಯ್ಯ” ಎಂದು ಕರಿಹಲಗೆ ಒರೆಸತೊಡಗಿದರು. “ನಾಲ್ಕೂವರೆ ತಿಂಗಳಲ್ಲಿ ನಾನೇನು ಹೆಡ್ ಮೇಷ್ಟ್ರಾಗ್ತಿದ್ನಾ?”

ನೀಲಾಂಬಿಕೆಯಮ್ಮನಿಗೂ ಅವರು ಹೇಳಿರಲಿಲ್ಲ. ಆ ಸಂಜೆ ಆಯಮ್ಮ ನನ್ನ ಮೇಲೂ ಅವರ ಮೇಲೂ ಹರಿಹಾಯ್ದರು. ನಾನು ತಲೆ ತಗ್ಗಿಸಿ ನಿಂತೆ. ನನಗೂ ಅವರ ಮೇಲೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ಮಾತು ನನ್ನನ್ನು ಕೇಳಬಾರದಿತ್ತೇ? ಕೇಳಿದ್ದರೆ ನಾನು ಅರ್ಜಿಯ ವಿಷಯ ಹೇಳುತ್ತಿದ್ದೆ. ನಾನು ಹೇಳಿದ್ದರೆ ಉತ್ತರ ಬರುವವರೆಗಾದರೂ ಅವರು ಕಾಯುತ್ತಿದ್ದರು. ಇಬ್ಬರೂ ಬಾಯಿ ಹೊಲಿದುಕೊಂಡು ಕೂತೆವು. ಅರ್ಜಿಗೆ ಉತ್ತರವೂ ಬಂದಿರಲಿಲ್ಲ, ಬರುವುದೂ ಇಲ್ಲ ಎಂದು ಆವತ್ತೂ ನಾನು ಅದರ ಸುದ್ದಿ ಎತ್ತಲಿಲ್ಲ.

ಬೇಸಿಗೆ ರಜ ಮುಗಿದು ಶಾಲೆ ತೆರೆದಾಗ ನಾಲ್ಕು ತರಗತಿಗೆ ನಾನೊಬ್ಬನೇ. ಇನ್‌ಚಾರ್ಜೂ ನಾನೇ, ಗಂಟೆ ಹೊಡೆಯುವವನೂ ನಾನೇ. ಮೇಷ್ಟ್ರು ಬೆಳಗ್ಗೆ ಬೆಳಗ್ಗೆ ಬಂದು ಹೊಂಗೆ ಮರದ ಕೆಳಗೆ ಒಂದನೇ ತರಗತಿಯವರನ್ನು ಕೂರಿಸಿಕೊಳ್ಳುವರು. ಶಾಲೆಯ ಒಳಕ್ಕೆ ಮಾತ್ರ ಬರುತ್ತಿರಲಿಲ್ಲ. ‘ಪೆನ್ಷನ್ ಆದೋನು ಒಳಕ್ಕೆ ಬರಬಾರ್ದು ಕಣಯ್ಯ, ಕಾನೂನು’ ಎನ್ನುವರು. ಎಲ್ಲಿಯ ಕಾನೂನೋ!

ಜೂನ್ ಇಪ್ಪತ್ತಾರು ಸೋಮವಾರ. ಟಪಾಲಿನವನು ಒಂದು ಉದ್ದನೆಯ ಲಕೋಟೆ ಕೊಟ್ಟು ಹೋದ. ಮೇಲಿನ ವಿಳಾಸ ಓದಿ ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ‘ಶ್ರೀ ಪರಮಶಿವಯ್ಯನವರಿಗೆ, ಹೆಡ್ ಮಾಸ್ತರು, ಸರ್ಕಾರಿ ಪ್ರಾಥಮಿಕ ಶಾಲೆ, ಗೊರವನಕಟ್ಟೆ.’ ಒಡೆದೆ. ಗ್ರಾಮಸ್ಥರ ಅರ್ಜಿಯಿಂದ ಶಾಲೆಯ ನಿಜಸ್ಥಿತಿ ಗೊತ್ತಾಗಿರುವುದರಿಂದ ರದ್ದು ಮಾಡಿದ್ದ ಸ್ಥಾನವನ್ನು ಮತ್ತೆ ಸ್ಥಾಪಿಸಿದೆಯೆಂದೂ, ಹನ್ನೊಂದು ವರ್ಷ ಆ ಕೆಲಸ ನಿರ್ವಹಿಸಿದ ಪರಮಶಿವಯ್ಯನವರಿಗೆ ಬಡ್ತಿ ಕೊಟ್ಟು ಹೆಡ್ ಮಾಸ್ತರರಾಗಿ ನೇಮಿಸಿದೆಯೆಂದೂ, ಈ ಹುಕುಂ ತಲುಪಿದ ದಿನದಿಂದ ಕೆಲಸ ವಹಿಸಿಕೊಳ್ಳತಕ್ಕದ್ದೆಂದೂ ಇತ್ತು. ಕಚೇರಿಯಲ್ಲಿ ಅವರನ್ನು ಮನೆಗೆ ಕಳಿಸಿದ ಮೇಜಿಗೂ ಬಡ್ತಿ ಕೊಟ್ಟ ಮೇಜಿಗೂ ಮಾತುಕತೆ ಇರಲಿಲ್ಲ, ಅಷ್ಟೇ. ನಮ್ಮಿಬ್ಬರಿಗೆ ಮಾತ್ರ ಇತ್ತೇ?

ಅವತ್ತು ಸಂತೆಗೆ ಹೋಗಬೇಕೆಂದು ಮೇಷ್ಟ್ರು ಮರದ ಕೆಳಗೆ ಬಂದಿರಲಿಲ್ಲ. ಮಕ್ಕಳಿಗೆ ರಜ ಕೊಟ್ಟು ಓಡಿದೆ. ಹೇಗೆ ಓಡಿದೆನೋ, ಯಾವ ದಾರಿಯಲ್ಲಿ ಓಡಿದೆನೋ ನೆನಪಿಲ್ಲ. ಅವರು ಜಗಲಿಯ ಮೇಲೆ ಕೂತು ಕೊಡೆಗೆ ತೇಪೆ ಹಾಕುತ್ತಿದ್ದರು. ಕಾಗದ ಕೊಟ್ಟೆ. ಓದಿದರು. ಸೂಜಿ ಕೈಯಿಂದ ಬಿತ್ತು.

“ಯಾವ ಅರ್ಜಿ?” ಎಂದರು.

ಹೇಳಿದೆ. ಫೆಬ್ರವರಿಯಲ್ಲಿ ಹಾಕಿದ್ದು ಅಂದೆ. ಅವರು ಹಾಸನಕ್ಕೆ ಹೋಗುವ ಎರಡು ವಾರ ಮೊದಲು ಅಂತಲೂ ಅಂದೆ.

ನಾನು ಅಳುತ್ತಿದ್ದೆ. ಮೂವತ್ತೆರಡು ವರ್ಷದ ಗಂಡಸು, ಬೀದಿಗೆ ಕಾಣುವ ಜಗಲಿಯ ಮೇಲೆ ಕೂತು ಅಳುತ್ತಿದ್ದೆ. “ನಾನು ಕೆಲ್ಸ ಬುಡ್ತೀನಿ ಸಾ. ನೀವು ವಾಪಸ್ ಬನ್ನಿ. ನಾಳೆಗೇ ಬರ್ಕೊಡ್ತೀನಿ.”

“ಪೆನ್ಷನ್ ಆದೋನ್ನ ಯಾರೂ ವಾಪಸ್ ಕರ್ಯಲ್ಲ. ನೀನು ಬಿಟ್ರೆ ನೀನೂ ಇಲ್ಲ, ನಾನೂ ಇಲ್ಲ. ಹುಚ್ಚುಹುಚ್ಚಾಗಿ ಆಡ್ಬೇಡ.”

ಗಲಾಟೆ ಕೇಳಿ ನೀಲಾಂಬಿಕೆಯಮ್ಮ ಒಳಗಿನಿಂದ ಬಂದರು. ವಿಷಯ ತಿಳಿದು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಈ ಸಲ ಬೈಯಲಿಲ್ಲ. “ಎಲ್ಲಾದೆ ಅದು, ಹೆಡ್ ಮಾಸ್ತರು ಅಂತ ಬರ್ದಿರೋದು? ತೋರ್ಸು ಚೆನ್ನಯ್ಯ” ಎಂದರು. ತೋರಿಸಿದೆ. ಆ ಎರಡು ಪದಗಳ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಕಣ್ಣು ಒರೆಸಿಕೊಂಡು ಕಾಗದವನ್ನು ಗಂಡನ ಕೈಗೆ ಕೊಟ್ಟರು.

“ಇದನ್ನ ಮನೇಲಿಟ್ಕೊಳ್ಳಿ ಸಾ” ಅಂದೆ. “ಯಾರೂ ಕೇಳಲ್ಲ.”

“ಇಸ್ಕೂಲಿನ ಕಾಗದ ಮನೇಲಿಡಬಾರ್ದು” ಎಂದರು. ಕೊಡೆಯನ್ನು ಪಕ್ಕಕ್ಕಿಟ್ಟು, “ವಿಳಾಸ ಒಂದ್ಸಲ ಓದು. ಗಟ್ಟಿಯಾಗಿ ಓದು” ಎಂದರು. ಓದಿದೆ. ಇನ್ನೊಮ್ಮೆ ಓದಿಸಿದರು. ಆಮೇಲೆ ಒಳಗಿನಿಂದ ಮಸಿಕುಡಿಕೆ ತಂದು ನನ್ನ ಮುಂದಿಟ್ಟು, ಹುಕುಂ ಮರಳಿಸುವ ಕಾಗದವನ್ನು ತಾವೇ ಹೇಳಿ ಬರೆಸಿದರು: ‘ಸದರಿ ಉಪಾಧ್ಯಾಯರು ಮಾರ್ಚ್ ಮೂವತ್ತೊಂದರಂದೇ ವಿಶ್ರಾಂತಿ ಪಡೆದಿರುವುದರಿಂದ ಈ ಹುಕುಂ ಜಾರಿಯಾಗಲಿಲ್ಲ.’ ಈ ಸಲ ನಾನು ಬರೆದದ್ದನ್ನು ತೆಗೆದುಕೊಂಡು, ಅಕ್ಷರ ಅಕ್ಷರವಾಗಿ ಓದಿ ನೋಡಿದರು.

“ಸರಿಯಾಗೇ ಅದೆ. ರುಜು ಹಾಕು” ಎಂದರು.

ಶಾಲೆಯ ಕಾಗದಕ್ಕೆ ಇನ್‌ಚಾರ್ಜ್ ಆದವನು ಹೇಗೆ ರುಜು ಹಾಕಬೇಕೋ ಹಾಗೆಯೇ, ಅವರ ಎದುರಿಗೇ ಕೂತು, ‘ಹೆಡ್ ಮಾಸ್ತರ ಪರವಾಗಿ, ಚೆನ್ನಯ್ಯ’ ಎಂದು ಹಾಕಿದೆ.